ಜಾತ್ರೆ ಆಪು, ಸಂತೆ ಆಪು: ಪರದೇಶಕ್ಕೆ ಹೊರಟವರು ಗೆಳೆಯರನ್ನು ಹುಡುಕುವ ಬಗೆ

ಜುಲೈ ತಿಂಗಳು. ಮೂರು ದಿನದಿಂದ ಕರೆಂಟಿಲ್ಲ. ಅಕ್ಕನ ಮಗಳು ಜೀಪಿನಲ್ಲಿ ಚಾರ್ಜ್ ಮಾಡಿಕೊಂಡ ಫೋನು ಹಿಡಿದು, ಛತ್ರಿಯ ಕೆಳಗೆ ಕಾಫಿ ಕಣದ ಮೂಲೆಯಲ್ಲಿ ನಿಂತಿದ್ದಳು. ನಮ್ಮ ತೋಟದಲ್ಲಿ ಎರಡು ಕಡ್ಡಿ ಸಿಗ್ನಲ್ ಬರುವುದು ಅಲ್ಲಿ ಮಾತ್ರ. ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರಿಗೆ ಓದಲು ಹೊರಟಿದ್ದಾಳೆ. ವೀಸಾ, ಬ್ಯಾಂಕಿನ ಸಾಲ, ರೂಮು ಎಲ್ಲವೂ ಒಂದು ದಡಕ್ಕೆ ಬಂದಿವೆ. ಒಳಗೆ ಬಂದವಳು ಒದ್ದೆ ಫೋನನ್ನು ಟವೆಲಿಗೆ ಒರೆಸುತ್ತಾ ಕೇಳಿದಳು: "ಚಿಕ್ಕಮ್ಮ, ಹನ್ನೊಂದು ಆಪ್ ಹಾಕ್ಕೊಂಡಿದ್ದೀನಿ. ಇದರಲ್ಲಿ ಯಾವುದರಲ್ಲಿ ಫ್ರೆಂಡ್ಸ್ ಸಿಗ್ತಾರೆ?"

"ಯಾವುದರಲ್ಲೂ ಇಲ್ಲ" ಅಂದೆ. ಮುಖ ಸಣ್ಣದು ಮಾಡಿಕೊಂಡಳು.

ಅದೇ ಊರಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ತೋಟಕ್ಕೆ ವಾಪಸ್ ಬಂದವಳು ನಾನು. ಹಾಗಾಗಿ ನೆಂಟರಲ್ಲಿ ಯಾರ ಮಕ್ಕಳು ಹೊರದೇಶಕ್ಕೆ ಹೊರಟರೂ ಒಂದು ಸಲ ನನ್ನ ಮುಂದೆ ತಂದು ಕೂರಿಸುತ್ತಾರೆ. ಸ್ವೆಟರ್ ಎಷ್ಟು ಬೇಕು, ಕುಕ್ಕರ್ ಇಲ್ಲಿಂದಲೇ ಒಯ್ಯಬೇಕಾ ಎಂಬುದೆಲ್ಲ ಮುಗಿದ ಮೇಲೆ, ಹೆತ್ತವರು ಎದ್ದು ಒಳಗೆ ಹೋದ ಮೇಲೆ, ಮಕ್ಕಳು ಮೆಲ್ಲಗೆ ಕೇಳುವುದು ಇದನ್ನೇ. ಆವತ್ತು ಅವಳಿಗೆ ಬಿಡಿಸಿ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಆಗ ಮರೆತಿದ್ದ ಒಂದೆರಡು ಸಂಗತಿಗಳನ್ನೂ ಸೇರಿಸಿ.

ಯಾವೂರು, ಯಾರ ಮನೆ?

ಕುಶಾಲನಗರದಲ್ಲಿ ಮಡಿಕೇರಿ ಬಸ್ಸು ಹತ್ತಿ ಪಕ್ಕದವರ ಜೊತೆ ಮಾತಿಗೆ ಕೂತರೆ ಮೊದಲ ಪ್ರಶ್ನೆ "ಯಾವೂರು?", ಎರಡನೆಯದು "ಯಾರ ಮನೆ?". ಸುಂಟಿಕೊಪ್ಪ ಬರುವಷ್ಟರಲ್ಲಿ ಇಬ್ಬರಿಗೂ ಗೊತ್ತಿರುವ ಯಾರೋ ಒಬ್ಬರು ಸಿಕ್ಕಿರುತ್ತಾರೆ. ಕೊಡವರಲ್ಲಂತೂ ಮನೆಹೆಸರು ಹೇಳಿದರೆ ಸಾಕು, ಊರು, ನಾಡು, ನೆಂಟಸ್ತಿಕೆ ಎಲ್ಲ ಬಿಚ್ಚಿಕೊಳ್ಳುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿ ಹಬ್ಬದಲ್ಲಿ ತಂಡದ ಹೆಸರೇ ಮನೆಹೆಸರು. 2024ರಲ್ಲಿ ನಾಪೋಕ್ಲುವಿನಲ್ಲಿ ಅಂಥ 360 ತಂಡಗಳು ಆಡಿದವು. ಮೈದಾನದಲ್ಲಿ ಯಾವ ಹುಡುಗ ಗೋಲು ಹೊಡೆದರೂ ಗ್ಯಾಲರಿಯಲ್ಲಿ ಕೂತ ಅಜ್ಜಿ ಅವನ ತಾಯಿಯ ತವರುಮನೆ ಯಾವುದೆಂದು ಹೇಳಬಲ್ಲಳು.

ಇದನ್ನು ಸ್ನೇಹ ಅನ್ನಲಾಗದು, ಜಾಮೀನು ಅನ್ನಬಹುದು. ಮೂರನೆಯವರೊಬ್ಬರು ಮಧ್ಯೆ ಇದ್ದಾರೆ, ಆದ್ದರಿಂದ ಇವರ ಜೊತೆ ಮಾತಾಡಬಹುದು ಎಂಬ ಧೈರ್ಯ. ಹಾಲಿನ ಡೇರಿಯಲ್ಲಿ ಸಿಗುವವರು, ಔಷಧಿ ಅಂಗಡಿಯವರು, ಬೆಳಗಿನ ಬಸ್ಸಿನ ಕಂಡಕ್ಟರು ಹೀಗೆ ನಮ್ಮ ಸುತ್ತ ಇಂಥ ನೂರಾರು ತೆಳು ಪರಿಚಯಗಳಿರುತ್ತವೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರ್ಯಾನೊವೆಟರ್ 1973ರಲ್ಲಿ ಇವುಗಳ ಬಗ್ಗೆಯೇ ಒಂದು ಪ್ರಬಂಧ ಬರೆದರು. ಕೆಲಸದ ಸುದ್ದಿ, ಹೊಸ ವಿಷಯ ನಮಗೆ ತಲುಪುವುದು ಆಪ್ತರಿಗಿಂತ ಹೆಚ್ಚಾಗಿ ಹೀಗೆ ದೂರದಿಂದ ಗುರುತಿರುವವರ ಮೂಲಕ ಎಂಬುದು ಅವರ ವಾದ. ಆಪ್ತರಿಗೆ ಗೊತ್ತಿರುವುದು ಸಾಮಾನ್ಯವಾಗಿ ನಮಗೂ ಗೊತ್ತಿರುತ್ತದಲ್ಲ.

ಬೆಂಗಳೂರಿನಲ್ಲಿ ವಿಮಾನ ಹತ್ತಿದ ರಾತ್ರಿ ಈ ಬಲೆ ಪೂರ್ತಿ ಕಳಚಿ ಬೀಳುತ್ತದೆ. ಹೋಗಿ ಇಳಿದ ಊರಲ್ಲಿ "ಯಾರ ಮನೆ?" ಅಂತ ಕೇಳುವವರಿಲ್ಲ, ಕೇಳಿದರೂ ನಮ್ಮ ಉತ್ತರದಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಫೋನಿನ ಆಪು ತುಂಬುವುದು ಈ ಜಾಗವನ್ನು, ಇಷ್ಟನ್ನು ಮಾತ್ರ. ಇಬ್ಬರು ಅಪರಿಚಿತರಿಗೆ ಮಾತು ಶುರುಮಾಡಲು ಒಂದು ನೆಪ ಕೊಡುತ್ತದೆ. ಮುಂದಿನದು ಅದರ ಕೈಯಲ್ಲಿಲ್ಲ. ಹನ್ನೊಂದು ಆಪ್ ಹಾಕಿಕೊಂಡರೆ ಹನ್ನೊಂದು ನೆಪ ಸಿಕ್ಕಂತಾಯಿತು, ಅಷ್ಟೇ.

ಗಂಟೆಗಳ ಲೆಕ್ಕ

ಹಾಗಾದರೆ ಸ್ನೇಹಕ್ಕೆ ಬೇಕಾದದ್ದೇನು? ಗಂಟೆಗಳು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ಪ್ರಾಧ್ಯಾಪಕರು 2018ರಲ್ಲಿ ಇದನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಆಗಷ್ಟೇ ಬೇರೆ ಊರಿಗೆ ಬಂದು ನೆಲೆಸಿದವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ವಿಚಾರಿಸಿದ ಅಧ್ಯಯನ ಅದು. ಗುರುತಿನವರು ಸುಮಾರಾದ ಗೆಳೆಯರಾಗಲು ಹೆಚ್ಚುಕಡಿಮೆ 50 ಗಂಟೆ ಜೊತೆಗಿರಬೇಕು, ಗೆಳೆಯರು ಅನ್ನಿಸಿಕೊಳ್ಳಲು 90 ಗಂಟೆ, ಆಪ್ತರಾಗಲು 200 ಗಂಟೆಗೂ ಮೇಲೆ. ಕೆಲಸದ ಜಾಗದಲ್ಲಿ ಜೊತೆಗಿದ್ದ ಗಂಟೆಗಳು ಈ ಲೆಕ್ಕಕ್ಕೆ ಅಷ್ಟಾಗಿ ಬರಲಿಲ್ಲ. ಸುಮ್ಮನೆ ಹರಟುತ್ತಾ, ತಿನ್ನುತ್ತಾ, ಆಡುತ್ತಾ ಕಳೆದ ಹೊತ್ತೇ ಬಂದದ್ದು.

ಈ ಅಂಕಿಯನ್ನು ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ವಾರಕ್ಕೊಮ್ಮೆ ಎರಡು ಗಂಟೆ ಒಬ್ಬರನ್ನೇ ಭೇಟಿಯಾದರೆ 50 ಗಂಟೆಗೆ 25 ವಾರ, ಅಂದರೆ ಸೆಪ್ಟೆಂಬರಿನಲ್ಲಿ ಇಳಿದವಳಿಗೆ ಮಾರ್ಚ್ ಬರಬೇಕು. ತಿಂಗಳಿಗೊಮ್ಮೆಯಾದರೆ ಎರಡು ವರ್ಷ ದಾಟುತ್ತದೆ, ಅಷ್ಟರಲ್ಲಿ ಕೋರ್ಸೇ ಮುಗಿದಿರುತ್ತದೆ. ಪ್ರತಿವಾರ ಹೊಸಬರನ್ನೇ ಭೇಟಿಯಾಗುತ್ತಾ ಹೋದರೆ ಲೆಕ್ಕ ಶುರುವೇ ಆಗುವುದಿಲ್ಲ. ಮೊದಲ ಮೂರು ತಿಂಗಳು ಎಲ್ಲರೂ ಅಳುವುದು, "ಇಲ್ಲಿನ ಜನ ಸರಿ ಇಲ್ಲ" ಅಂತ ಅಮ್ಮನಿಗೆ ಫೋನು ಮಾಡುವುದು ಯಾಕೆಂದು ಈ ಲೆಕ್ಕ ನೋಡಿದ ಮೇಲೆ ನನಗೆ ಅರ್ಥವಾಯಿತು. ಜನರಲ್ಲಿ ಏನೂ ಕೊರತೆ ಇರಲಿಲ್ಲ, ಇನ್ನೂ ಹತ್ತೋ ಹನ್ನೆರಡೋ ಗಂಟೆಯಾಗಿತ್ತು ಅಷ್ಟೇ.

ಎರಡನೆಯದು ಜಾಗ. 1950ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದ ವಿದ್ಯಾರ್ಥಿ ವಸತಿಯಲ್ಲಿ ಯಾರಿಗೆ ಯಾರು ಗೆಳೆಯರು ಎಂದು ಪಟ್ಟಿ ಮಾಡಿದ್ದರು. ಸ್ವಭಾವ, ಅಭಿರುಚಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಬಾಗಿಲಿನಿಂದ ಬಾಗಿಲಿಗಿರುವ ದೂರ. ಮೆಟ್ಟಿಲ ಬುಡದ ಮನೆಯವರಿಗೆ ಮೇಲಿನ ಮಹಡಿಯಲ್ಲೂ ಗೆಳೆಯರಿದ್ದರು, ಹತ್ತುವವರು ಇಳಿಯುವವರು ದಿನಾ ಅವರ ಬಾಗಿಲ ಮುಂದೆಯೇ ಹಾಯಬೇಕಿತ್ತಲ್ಲ. ನಮ್ಮ ಕಡೆ ತೋಟದ ನಡುವೆ ಒಂಟಿ ಮನೆ, ಪಕ್ಕದ ಮನೆಯ ಹೊಗೆ ಕಾಣಬೇಕಾದರೂ ಗುಡ್ಡದ ತುದಿಗೆ ಹತ್ತಬೇಕು. ಆದರೂ ನಮ್ಮಲ್ಲಿ ಯಾರಿಗೂ ಗೆಳೆಯರ ಬರ ಬಂದದ್ದು ಕಾಣೆ. ಅದಕ್ಕೆ ಕಾರಣ ಸಂತೆ.

ಸೋಮವಾರಪೇಟೆಗೆ ಹೆಸರು ಬಂದದ್ದು ಸೋಮವಾರದ ಸಂತೆಯಿಂದ. ಶನಿವಾರಸಂತೆಗೆ ಹೇಗೆ ಬಂತೆಂದು ಬಿಡಿಸಿ ಹೇಳಬೇಕಿಲ್ಲ. ವಾರದ ದಿನವನ್ನೇ ಊರಿನ ಹೆಸರಾಗಿ ಇಟ್ಟುಕೊಂಡ ಸೀಮೆ ನಮ್ಮದು. ಸಂತೆಗೆ ಯಾರೂ ಯಾರನ್ನೂ ಕರೆಯುವುದಿಲ್ಲ. ಒಂದೇ ದಿನ, ಒಂದೇ ಜಾಗ, ಅವೇ ಮುಖಗಳು. ಹಸಿಮೆಣಸು ಮಾರುವಾಕೆ ಎರಡು ವಾರ ಕಾಣದವರನ್ನು "ಹೋದ ವಾರ ಎಲ್ಲಿ ಹೋಗಿದ್ರಿ?" ಅಂತ ಕೇಳಿಯೇ ಕೇಳುತ್ತಾಳೆ. ಜಾತ್ರೆ ಹಾಗಲ್ಲ. ಸಾವಿರ ಜನ, ದೀಪ, ಗದ್ದಲ, ಖುಷಿಯೇ ಖುಷಿ; ಆದರೆ ಮರುದಿನ ಬೆಳಿಗ್ಗೆ ಖಾಲಿ ಮೈದಾನ.

ಅಕ್ಕನ ಮಗಳಿಗೆ ಹೇಳಿದ್ದು ಇಷ್ಟೇ: ಹನ್ನೊಂದರಲ್ಲಿ ಜಾತ್ರೆ ತೋರಿಸುವ ಆಪು ಯಾವುದು, ಸಂತೆಗೆ ಕರೆದುಕೊಂಡು ಹೋಗುವ ಆಪು ಯಾವುದು ಅಂತ ಮೊದಲು ವಿಂಗಡಿಸು.

ನಾನು ಸುತ್ತಿದ ಜಾತ್ರೆಗಳು

ಹೋದ ಹೊಸತರಲ್ಲಿ ನಾನು ಮಾಡಿದ್ದೂ ಅದೇ ತಪ್ಪು. ಒಂದು ಆಪಿನಲ್ಲಿ "ಹೊರದೇಶದವರ ಕೂಟ" ಅಂತಿತ್ತು, ಅರವತ್ತು ಜನ ಬರುತ್ತೇವೆ ಅಂದಿದ್ದರು. ಹೋದೆ. ಪಬ್ಬಿನ ಮಹಡಿ, ಎದೆಯ ಮೇಲೆ ಹೆಸರಿನ ಚೀಟಿ. ಎಲ್ಲಿಂದ ಬಂದಿರಿ, ಏನು ಕೆಲಸ, ಎಷ್ಟು ದಿನವಾಯಿತು. ಈ ಮೂರು ಪ್ರಶ್ನೆಗೆ ಆ ರಾತ್ರಿ ಹದಿನಾಲ್ಕು ಸಲ ಉತ್ತರ ಕೊಟ್ಟೆ. ಒಂಬತ್ತು ನಂಬರು ಸಿಕ್ಕಿತು. ಮರುವಾರ ಮೂವರಿಗೆ ಮೆಸೇಜ್ ಹಾಕಿದೆ, ಇಬ್ಬರು ಹೆಬ್ಬೆರಳು ತೋರಿಸಿದರು. ಮುಂದಿನ ತಿಂಗಳ ಕೂಟಕ್ಕೆ ಹೋದರೆ ಮತ್ತೆ ಹೊಸ ಅರವತ್ತು ಜನ, ಅದೇ ಮೂರು ಪ್ರಶ್ನೆ.

ಇನ್ನೊಂದು ಸಲ ಒಬ್ಬಾಕೆ ಆಪಿನಲ್ಲೇ ಬಹಳ ಅಕ್ಕರೆಯಿಂದ ಮಾತಾಡಿ ಭಾನುವಾರ ಮನೆಗೆ ಚಹಾಕ್ಕೆ ಕರೆದಳು. ಇಲ್ಲಿಂದ ಒಯ್ದಿದ್ದ ಏಲಕ್ಕಿಯಲ್ಲಿ ಒಂದು ಮುಷ್ಟಿ ಕಟ್ಟಿಕೊಂಡು ಹೋದೆ. ಅಲ್ಲಿ ನನ್ನ ಹಾಗೇ ಬಂದ ಆರು ಜನ ಕೂತಿದ್ದರು, ಎದುರಿಗೆ ಬಿಳಿ ಬೋರ್ಡು. ಹತ್ತು ನಿಮಿಷದಲ್ಲಿ ಗೊತ್ತಾಯಿತು: ಸಾಬೂನು, ಪ್ರೋಟೀನ್ ಪುಡಿ, ನಿಮ್ಮ ಕೆಳಗೆ ಮೂವರನ್ನು ಸೇರಿಸಿ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದೆ. ಏಲಕ್ಕಿಯನ್ನು ಮಾತ್ರ ಅಲ್ಲೇ ಬಿಟ್ಟು ಬಂದದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆಪುಗಳು ಒಳಗಿಂದ ಹೇಗೆ ನಡೆಯುತ್ತವೆ

ಮೊದಲನೆಯದು ಫೋಟೋ ಸರಿಸುವ ಜಾತಿ. ಬಂಬಲ್ 2016ರಲ್ಲಿ ತನ್ನ ಡೇಟಿಂಗ್ ಆಪಿನೊಳಗೇ ಗೆಳೆಯರಿಗಾಗಿ ಒಂದು ಭಾಗ ತೆರೆಯಿತು, 2023ರಲ್ಲಿ ಅದನ್ನೇ ಬೇರೆ ಆಪಾಗಿ ಬಿಟ್ಟಿತು. ಇಲ್ಲಿ ಇಬ್ಬರೂ ಹೂಂ ಅಂದರೆ ಮಾತ್ರ ಮಾತಿನ ಬಾಗಿಲು ತೆರೆಯುತ್ತದೆ. ನಿಮ್ಮನ್ನು ಯಾರಿಗೆ ತೋರಿಸಬೇಕು ಎಂಬುದನ್ನು ಆಪು ದೂರ, ವಯಸ್ಸು, ನೀವು ಹಾಕಿದ ಆಸಕ್ತಿಗಳನ್ನು ನೋಡಿ ತೀರ್ಮಾನಿಸುತ್ತದೆ. ಇಂಥ ಆಪುಗಳಲ್ಲಿ ವಾರಗಟ್ಟಲೆ ತೆರೆಯದ ಖಾತೆ ಸಾಲಿನ ಹಿಂದಕ್ಕೆ ಸರಿಯುವುದು ಸಾಮಾನ್ಯ. ಆದ್ದರಿಂದ ಊರಲ್ಲಿದ್ದಾಗಲೇ ಖಾತೆ ತೆರೆದು ಸುಮ್ಮನೆ ಇಡುವುದರಿಂದ ಲಾಭವಿಲ್ಲ, ಅಲ್ಲಿ ಇಳಿದ ಮೇಲೆ ಶುರುಮಾಡುವುದೇ ಸರಿ. ಇವುಗಳ ದುಡ್ಡು ಬರುವುದು ಚಂದಾದಿಂದ, ಹೆಚ್ಚು ಜನರನ್ನು ನೋಡಬೇಕಾದರೆ ಇಷ್ಟು ಕೊಡಿ ಎಂಬ ಲೆಕ್ಕದಲ್ಲಿ. ನನ್ನ ಮಾತು ಕೇಳುವುದಾದರೆ ಕೊಡಬೇಡಿ. ಮುಖಗಳು ಹೆಚ್ಚಾದಷ್ಟೂ ಒಂದು ಮುಖದ ಮೇಲೆ ಗಮನ ನಿಲ್ಲುವುದು ಕಡಿಮೆ. ಈ ಜಾತಿ ಅಂಚಿನಲ್ಲಿದೆ: ಸಿಕ್ಕವರೊಬ್ಬರನ್ನು ಹಿಡಿದು ವಾರಕ್ಕೊಮ್ಮೆ ಭೇಟಿ ಗೊತ್ತುಮಾಡಿಕೊಂಡರೆ ಸಂತೆ, ಸರಿಸುತ್ತಲೇ ಇದ್ದರೆ ಜಾತ್ರೆ.

ಎರಡನೆಯದು ಕೂಟಗಳ ಆಪು. ಇದರಲ್ಲಿ ಹಳೆಯದು ಮೀಟಪ್, 2002ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ್ದು. ಹಿಂದಿನ ವರ್ಷ ಸೆಪ್ಟೆಂಬರ್ 11ರ ದಾಳಿ ನಡೆದ ಮೇಲೆ ಎಂದೂ ಮಾತಾಡದ ಅಕ್ಕಪಕ್ಕದವರು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳತೊಡಗಿದ್ದನ್ನು ಕಂಡು ಸ್ಕಾಟ್ ಹೈಫರ್‌ಮನ್‌ಗೆ ಹೊಳೆದ ಯೋಚನೆ. ಇಲ್ಲಿ ದುಡ್ಡು ಕಟ್ಟುವವರು ಮುಖ್ಯವಾಗಿ ಗುಂಪು ನಡೆಸುವವರು. ಇದು ಗೊತ್ತಿದ್ದರೆ ಒಂದು ಒಗಟು ಬಿಡುತ್ತದೆ: ಚೆನ್ನಾಗಿ ನಡೆಯುತ್ತಿದ್ದ ಗುಂಪು ಇದ್ದಕ್ಕಿದ್ದಂತೆ ಯಾಕೆ ನಿಂತಿತು? ಹೆಚ್ಚಾಗಿ, ನಡೆಸುವವರಿಗೆ ತಮ್ಮ ಜೇಬಿನಿಂದ ಕಟ್ಟಿ ಕಟ್ಟಿ ಸಾಕಾಗಿರುತ್ತದೆ. ಹೊಸ ಗುಂಪಿನ ಪುಟ ತೆರೆದಾಗ ಸದಸ್ಯರ ಸಂಖ್ಯೆ ನೋಡಿ ಮರುಳಾಗಬೇಡಿ. ಹಿಂದೆ ಎಷ್ಟು ಸಲ ಸೇರಿದ್ದಾರೆ, ಅದೇ ಜಾಗವಾ, ಅವರೇ ನಡೆಸಿದ್ದಾರಾ ನೋಡಿ. ಐದು ಸಾವಿರ ಸದಸ್ಯರಿರುವ, ತಿಂಗಳಿಗೊಂದು ಹೊಸ ಜಾಗಕ್ಕೆ ಹೋಗುವ ಗುಂಪಿಗಿಂತ, ಪ್ರತಿ ಮಂಗಳವಾರ ಅದೇ ಲೈಬ್ರರಿಯ ಕೋಣೆಯಲ್ಲಿ ಒಂಬತ್ತು ಜನ ಸೇರಿ ಕೇರಂ ಆಡುವ ಗುಂಪು ಮೇಲು. ಬರುತ್ತೇವೆ ಅಂತ ಒತ್ತಿದವರಲ್ಲಿ ಅರ್ಧ ಜನ ಬಂದರೆ ಹೆಚ್ಚು, ಅದಕ್ಕೆ ಬೇಸರ ಮಾಡಿಕೊಳ್ಳಬಾರದು. ಆದರೆ ನೀವು ಬರುವುದಿಲ್ಲ ಅಂತಾದರೆ ಹೆಸರು ತೆಗೆದುಬಿಡಿ, ನಡೆಸುವವರು ಇದನ್ನು ನೆನಪಿಟ್ಟುಕೊಳ್ಳುತ್ತಾರೆ.

ಟೈಮ್‌ಲೆಫ್ಟ್ ಅಂತ ಇತ್ತೀಚಿನದೊಂದಿದೆ, ಬುಧವಾರ ರಾತ್ರಿ ಅಪರಿಚಿತರನ್ನು ಒಂದೇ ಟೇಬಲ್ಲಿಗೆ ಊಟಕ್ಕೆ ಕೂರಿಸುತ್ತದೆ. ಸೀಟಿಗೆ ದುಡ್ಡು ಬೇರೆ, ಊಟದ ಬಿಲ್ಲು ಬೇರೆ. ಒಂದು ಸಲಕ್ಕೆ ಮಜವೇ. ಜಾತ್ರೆ.

ಮೂರನೆಯದು ಭಾಷೆ ಬದಲಾಯಿಸಿಕೊಳ್ಳುವ ಆಪುಗಳು: ಟ್ಯಾಂಡಮ್, ಹಲೋಟಾಕ್ ಇಂಥವು. ಅರ್ಧ ಗಂಟೆ ನೀವು ನನಗೆ ಕಲಿಸಿ, ಅರ್ಧ ಗಂಟೆ ನಾನು ನಿಮಗೆ. ಇಂಗ್ಲೆಂಡಿಗಿಂತ ಜರ್ಮನಿ, ಜಪಾನು, ಕೊರಿಯಾಕ್ಕೆ ಹೋಗುವವರಿಗೆ ಇದು ದೊಡ್ಡ ಉಪಕಾರ. ಕಲಿಯಲು ಒಂದು ಕಾರಣ ಇದೆ, ಮುಂದಿನ ವಾರ ಮತ್ತೆ ಸಿಗಲು ನೆಪ ತಾನೇ ಹುಟ್ಟುತ್ತದೆ. "ನನ್ನ ಭಾಷೆ ಯಾರಿಗೆ ಬೇಕು" ಅಂತ ಹಿಂಜರಿಯಬೇಡಿ. ನಿಮ್ಮ ಇಂಗ್ಲಿಷನ್ನೇ ಕಲಿಯಲು ಕಾಯುತ್ತಿರುವವರು ಸಾಕಷ್ಟಿದ್ದಾರೆ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ಸ್ನೇಹದ ಸುದ್ದಿಯನ್ನೇ ಎತ್ತದ ಆಪುಗಳು. ಬ್ರಿಟನ್ನಿನಲ್ಲಿ ಓಲಿಯೋ ಅಂತ ಇದೆ, ಮನೆಯಲ್ಲಿ ಮಿಕ್ಕ ತಿನಿಸು, ಸಾಮಾನನ್ನು ಅಕ್ಕಪಕ್ಕದವರು ಪುಕ್ಕಟೆ ಕೊಡುವ ಆಪು. ಒಂದು ಪೊಟ್ಟಣ ಬ್ರೆಡ್ ತರಲು ಎರಡು ಬೀದಿ ನಡೆದು ಹೋದರೆ ಬಾಗಿಲಲ್ಲಿ ಎರಡು ಮಾತು ಆಗಿಯೇ ಆಗುತ್ತದೆ. ಮೆಟ್ಟಿಲ ಬುಡದ ಮನೆಯವರಾಗಲು ಇದೊಂದು ದಾರಿ.

ಮತ್ತೆ ಪಾರ್ಕ್‌ರನ್. ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ

2004ರ ಅಕ್ಟೋಬರಿನಲ್ಲಿ ಲಂಡನ್ನಿನ ಬುಶಿ ಪಾರ್ಕಿನಲ್ಲಿ 13 ಜನ ಐದು ಕಿಲೋಮೀಟರ್ ಓಡಿದರು. ಅದನ್ನು ಏರ್ಪಡಿಸಿದ ಪಾಲ್ ಸಿಂಟನ್-ಹೀವಿಟ್‌ಗೆ ಆಗ ಕಾಲಿಗೆ ಪೆಟ್ಟಾಗಿ ಓಡಲಾಗುತ್ತಿರಲಿಲ್ಲ. ಓಡುವ ಗೆಳೆಯರು ಕೈತಪ್ಪಿ ಹೋಗಬಾರದು, ವಾರಕ್ಕೊಮ್ಮೆ ಸಿಗಬೇಕು ಅಂತ ಅವರು ವಾಚು ಹಿಡಿದು ನಿಂತರು. ಈಗ ಅದು ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಶುಲ್ಕ ಇಲ್ಲ. ಒಮ್ಮೆ ಹೆಸರು ನೋಂದಾಯಿಸಿದರೆ ಒಂದು ಬಾರ್‌ಕೋಡ್ ಕೊಡುತ್ತಾರೆ, ಯಾವ ಊರಿನ ಪಾರ್ಕ್‌ರನ್‌ಗೆ ಹೋದರೂ ಅದೇ ಬಾರ್‌ಕೋಡ್. ಓಡಲೇಬೇಕೆಂದಿಲ್ಲ, ನಡೆಯಬಹುದು, ಎಲ್ಲರಿಗಿಂತ ಹಿಂದೆ ನಡೆಯಲೆಂದೇ ಒಬ್ಬ ಸ್ವಯಂಸೇವಕರಿರುತ್ತಾರೆ, ಹಾಗಾಗಿ ಕೊನೆಯವರಾಗುವ ಭಯವಿಲ್ಲ. ಇಂಗ್ಲೆಂಡಿನಲ್ಲಿ ಶನಿವಾರ ಬೆಳಿಗ್ಗೆ 9 ಗಂಟೆ. ಒಂಬತ್ತು ಅಂದರೆ ಒಂಬತ್ತೇ, ನಮ್ಮ ಮದುವೆಮನೆ ಮುಹೂರ್ತದ ಹಾಗಲ್ಲ.

ನಾನು ಹೋಗುತ್ತಿದ್ದದ್ದು ಪ್ಲ್ಯಾಟ್ ಫೀಲ್ಡ್ಸ್ ಪಾರ್ಕಿಗೆ. ಓಟಗಾರ್ತಿ ಅಲ್ಲ ನಾನು. ತೋಟದ ಏರಿಯಲ್ಲಿ ನಡೆದು ಬೆಳೆದ ಕಾಲು ಅಂತಷ್ಟೇ ಧೈರ್ಯ. ಮೊದಲ ವಾರ ಯಾರೂ ಮಾತಾಡಿಸಲಿಲ್ಲ. ಎರಡನೇ ವಾರವೂ ಇಲ್ಲ. ಮೂರನೇ ವಾರ ಮಳೆ. ಅಲ್ಲಿನವರು ತಮ್ಮ ಮಳೆಯ ಬಗ್ಗೆ ಬಹಳ ಹೇಳಿಕೊಳ್ಳುತ್ತಾರೆ. ವರ್ಷಕ್ಕೆ ಬೀಳುವುದು ಹೆಚ್ಚುಕಡಿಮೆ 800 ಮಿಲಿಮೀಟರು, ಮಡಿಕೇರಿಯಲ್ಲಿ ಜೋರು ಮಳೆಯ ಒಂದು ಜುಲೈಗೇ ಅಷ್ಟು ಆಗಿಬಿಡುತ್ತದೆ. ನಾನು ಜರ್ಕಿನ್ ಏರಿಸಿಕೊಂಡು ಆರಾಮಾಗಿ ನಡೆಯುತ್ತಿದ್ದೆ. ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತಿದ್ದ, ಹಳದಿ ಕೋಟಿನ ವಯಸ್ಸಾದ ಹೆಂಗಸೊಬ್ಬರು ನನ್ನ ಮುಖ ನೋಡಿ ನಕ್ಕು, ಈ ಮಳೆಯಲ್ಲಿ ನಗುತ್ತಾ ಬರುತ್ತಿರುವವಳು ನೀನೊಬ್ಬಳೇ ಅಂದರು. ನಮ್ಮೂರ ಮಳೆಯ ಕಥೆ ಹೇಳಿದೆ. ಆರನೇ ವಾರ ಜ್ವರ ಬಂದು ಹೋಗಲಿಲ್ಲ. ಏಳನೇ ವಾರ ಹೋದರೆ ಅವರು ಸ್ಕ್ಯಾನರ್ ಕೆಳಗಿಳಿಸಿ ಕೇಳಿದರು: ಹೋದ ವಾರ ಎಲ್ಲಿ ಹೋಗಿದ್ದೆ?

ಹಸಿಮೆಣಸಿನವಳ ಮಾತು, ಇಂಗ್ಲಿಷಿನಲ್ಲಿ. ಪಾರ್ಕಿನ ಮಧ್ಯೆ ನಿಂತು ಕಣ್ಣು ತುಂಬಿ ಬಂತು. ಚಳಿಗೆ ಅಂತ ಹೇಳಿದೆ.

ಮುಂದೆ ನಾನೂ ಹಳದಿ ಕೋಟು ಹಾಕಿಕೊಂಡು ಸ್ವಯಂಸೇವಕಿಯಾದೆ. ಎಲ್ಲ ಹೊಸಬರಿಗೂ ನಾನು ಕೊಡುವ ಒಂದೇ ಗಟ್ಟಿ ಸಲಹೆ ಇದು. ಯಾವ ಗುಂಪಿಗೆ ಹೋದರೂ ಎರಡನೇ ತಿಂಗಳಿಗೆ ಒಂದು ಸಣ್ಣ ಕೆಲಸ ಹಿಡಿಯಿರಿ, ಕುರ್ಚಿ ಹಾಕುವುದಾದರೂ ಸರಿ. ಅತಿಥಿಯಾಗಿ ಹೋದವರು ಮಾತು ಹುಡುಕಬೇಕು, ಕೆಲಸ ಮಾಡುವವರ ಹತ್ತಿರ ಜನ ತಾವೇ ಬಂದು ಮಾತಾಡುತ್ತಾರೆ. ಮದುವೆಮನೆಯಲ್ಲಿ ಬಡಿಸುವವನಿಗೆ ಯಾರ ಪರಿಚಯವೂ ಇಲ್ಲದೆ ಹೋಗುತ್ತದಾ?

ಖಾತೆಯಲ್ಲಿ ಏನು ಬರೆಯಬೇಕು

ಅಕ್ಕನ ಮಗಳು ಬರೆದುಕೊಂಡಿದ್ದದ್ದು: "ಪ್ರವಾಸ, ಸಂಗೀತ, ಊಟ ಇಷ್ಟ. ಹೊಸ ಜನರನ್ನು ಭೇಟಿಯಾಗಲು ಕಾತರಳಾಗಿದ್ದೇನೆ." ಇದನ್ನು ಓದಿ ಏನು ಕೇಳಲು ಸಾಧ್ಯ? ಊಟ ಯಾರಿಗೆ ಇಷ್ಟವಿಲ್ಲ? ಇಬ್ಬರೂ ಕೂತು ತಿದ್ದಿದೆವು: "ಕಾಫಿ ತೋಟದಲ್ಲಿ ಬೆಳೆದವಳು. ನಿಮ್ಮೂರಲ್ಲಿ ಒಳ್ಳೆಯ ಕಾಫಿ ಎಲ್ಲಿ ಸಿಗುತ್ತದೆ ತೋರಿಸಿ, ಕಾಫಿ ಗಿಡ ಹೂಬಿಟ್ಟಾಗ ಮಲ್ಲಿಗೆ ಹಾಗೆ ಘಮ್ಮೆನ್ನುವುದು ಹೇಗೆಂದು ನಾನು ಹೇಳುತ್ತೇನೆ. ಶನಿವಾರ ಬಿಡುವು." ಮೂರೇ ವಾಕ್ಯ. ಓದಿದವರಿಗೆ ಕೇಳಲು ಒಂದು ಪ್ರಶ್ನೆಯಿದೆ, ಮಾಡಲು ಒಂದು ಸಣ್ಣ ಉಪಕಾರವಿದೆ, ಯಾವಾಗ ಸಿಗಬಹುದೆಂದು ಗೊತ್ತಾಗುತ್ತದೆ. ಫೋಟೋಕ್ಕೆ ಮದುವೆಯ ರೇಷ್ಮೆಸೀರೆಯದು ಬೇಡ ಅಂದೆ, ಗಮ್‌ಬೂಟ್ ಹಾಕಿಕೊಂಡು ಕಣದಲ್ಲಿ ನಿಂತದ್ದು ಹಾಕಿದಳು. ಬರೀ "ಹಾಯ್" ಎಂಬ ಮೆಸೇಜಿಗೆ ಉತ್ತರ ಬರದಿದ್ದರೆ ಅಳಬಾರದು, ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕೆಮ್ಮಿದರೆ ನಾವು ತಿರುಗಿ ನೋಡುತ್ತೇವಾ?

ಮೊದಲ ಭೇಟಿ ಮುಗಿಸಿ ಮನೆಗೆ ಬಂದ ಮೇಲೆ ಎಲ್ಲರಿಗೂ ಒಂದು ಕೊರೆತ ಶುರುವಾಗುತ್ತದೆ: ನಾನು ಜಾಸ್ತಿ ಮಾತಾಡಿದೆನಾ, ನನ್ನ ಇಂಗ್ಲಿಷ್ ಕೇಳಿ ನಕ್ಕರಾ. ಮನೋವಿಜ್ಞಾನಿ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು ಇದನ್ನೂ ಅಳೆದು 2018ರಲ್ಲಿ ಪ್ರಕಟಿಸಿದರು. ಅಪರಿಚಿತರನ್ನು ಮಾತಾಡಲು ಬಿಟ್ಟು ಆಮೇಲೆ ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದರೆ, ಎದುರಿನವರಿಗೆ ತಾವು ಎಷ್ಟು ಹಿಡಿಸಿದೆವು ಎಂಬುದನ್ನು ಜನ ಇರುವುದಕ್ಕಿಂತ ಕಡಿಮೆ ಅಂದಾಜು ಮಾಡುತ್ತಾರೆ. ಆದ್ದರಿಂದ ಎರಡನೇ ಭೇಟಿಗೆ ನೀವೇ ಮೊದಲು ಕರೆಯಿರಿ. ಅವರೂ ತಮ್ಮ ಮನೆಯಲ್ಲಿ ಅದೇ ಕೊರೆತದಲ್ಲಿ ಕೂತಿರಬಹುದು.

ಕರೆಯುವ ಭಾಷೆಯಲ್ಲೂ ಒಂದು ಮರ್ಮ ಇದೆ. "ಯಾವಾಗಾದರೂ ಕಾಫಿಗೆ ಸಿಗೋಣ" ಅಂತ ಇಂಗ್ಲೆಂಡಿನವರು ಹೇಳಿದರೆ ಅದು ಕರೆಯಲ್ಲ. ನಾವು ಸಂತೆಯಲ್ಲಿ ಕಂಡವರಿಗೆಲ್ಲ "ಮನೆ ಕಡೆ ಬನ್ನಿ" ಅನ್ನುವ ಹಾಗೆ, ಒಳ್ಳೆಯ ಮನಸ್ಸಿನ ಮಾತು ಅಷ್ಟೇ. ದಿನ, ಗಂಟೆ, ಜಾಗ ಮೂರೂ ಇದ್ದರೆ ಮಾತ್ರ ಕರೆ. "ಗುರುವಾರ ಐದೂವರೆಗೆ ಲೈಬ್ರರಿ ಎದುರಿನ ಕೆಫೆಗೆ ಬರ್ತೀರಾ?" ಎಂದು ನೀವೇ ಕೇಳಿ. ಮ್ಯಾಂಚೆಸ್ಟರಿನಲ್ಲಿ ಎದುರು ಸಿಕ್ಕವರು "ಯು ಆಲ್‌ರೈಟ್?" ಅನ್ನುತ್ತಾರೆ. ಮೊದಲ ತಿಂಗಳು ನಾನು ನಿಂತು ತಲೆನೋವು, ನಿದ್ದೆ ಎಲ್ಲ ವಿವರಿಸುತ್ತಿದ್ದೆ. ಅದು ನಮ್ಮ "ಊಟ ಆಯ್ತಾ?" ಇದ್ದ ಹಾಗೆ, ಆಯ್ತು ಅಂದು ಮುಂದೆ ಹೋಗಬೇಕು. ಪಬ್ಬಿಗೆ ಕರೆದರೆ ಕುಡಿಯದವರೂ ಹೋಗಬಹುದು, ನಿಂಬೆ ಸೋಡಾ ಹಿಡಿದು ಕೂತರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಅಲ್ಲಿ ಸರದಿ ಇದೆ: ಒಬ್ಬರು ಎದ್ದು ಎಲ್ಲರಿಗೂ ತರುತ್ತಾರೆ, ಮುಂದಿನ ಸಲ ಇನ್ನೊಬ್ಬರು. ನಿಮ್ಮ ಸರದಿ ಬಂದಾಗ ಫೋನು ನೋಡುತ್ತಾ ಕೂರಬಾರದು.

ನಮ್ಮವರ ಗುಂಪುಗಳು

"ಕನ್ನಡದವರ ವಾಟ್ಸಾಪ್ ಗುಂಪಿಗೆ ಸೇರಬೇಕಾ, ಬೇಡ್ವಾ? ಸೇರಿದ್ರೆ ಅಲ್ಲಿನವರ ಜೊತೆ ಬೆರೆಯಲ್ಲ ಅಂತಾರೆ" ಅಂದಳು. ಸೇರು, ಮೊದಲ ದಿನವೇ ಸೇರು ಅಂದೆ. ಯಾವ ಅಂಗಡಿಯಲ್ಲಿ ತೊಗರಿಬೇಳೆ, ಡಾಕ್ಟರ ಬಳಿ ಹೆಸರು ಬರೆಸುವುದು ಹೇಗೆ, ಯಾವ ಬೀದಿಯಲ್ಲಿ ರೂಮು ಬೇಡ, ಇದೆಲ್ಲ ಗ್ರ್ಯಾನೊವೆಟರ್ ಹೇಳಿದ ತೆಳು ಪರಿಚಯದ ಕೆಲಸ. ಬ್ರಿಟನ್ನಿನಲ್ಲಿ ಕನ್ನಡ ಬಳಗದಂಥ ಹಳೆಯ ಸಂಘಗಳೂ ಇವೆ, ಯುಗಾದಿಗೆ, ದೀಪಾವಳಿಗೆ ಸೇರುತ್ತಾರೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಊರಲ್ಲಿ ಕನ್ನಡದಲ್ಲಿ ಬೈದುಕೊಳ್ಳಲು ಒಬ್ಬರು ಬೇಕೇ ಬೇಕು.

ಆದರೆ ಗುಂಪು ಮನೆಯಾಗಿಬಿಟ್ಟರೆ ತೊಂದರೆ. ನೂರಾರು ಜನರ ಗುಂಪಿನಲ್ಲಿ ದಿನವಿಡೀ ಮೆಸೇಜು ಬರುತ್ತಿರುತ್ತದೆ, ಹುಟ್ಟುಹಬ್ಬದ ಕೇಕು, ಬೆಳಗಿನ ಶುಭಾಶಯ, ರಾಜಕೀಯ. ಬೆರಳಿಗೆ ಬಿಡುವಿಲ್ಲ, ಆದರೆ ಒಂದು ಗಂಟೆಯೂ ಲೆಕ್ಕಕ್ಕೆ ಸೇರುವುದಿಲ್ಲ. ನನ್ನ ಜೊತೆ ಕೆಲಸಕ್ಕಿದ್ದ ಹುಡುಗನೊಬ್ಬ ಎರಡು ವರ್ಷ ಹಾಸಿಗೆಯಲ್ಲಿ ಮಲಗಿಕೊಂಡೇ ಊರಿನ ಗುಂಪುಗಳಲ್ಲಿ ಬದುಕಿದ. ಕರೆದುಕೊಂಡು ಹೋಗುವವರಿಲ್ಲದೆ ಹಲ್ಲುನೋವನ್ನು ಹನ್ನೊಂದು ದಿನ ತಡೆದುಕೊಂಡ. ಫೋನಿನಲ್ಲಿ ಇದ್ದವರು ಲೆಕ್ಕವಿಲ್ಲದಷ್ಟು, ಬಾಗಿಲು ತಟ್ಟುವವರು ಒಬ್ಬರೂ ಇರಲಿಲ್ಲ.

ಭಾವನ ಪ್ರಶ್ನೆ

ಅಷ್ಟರಲ್ಲಿ ಭಾವ ಬಂದು ಕೂತರು. "ಆಪಲ್ಲಿ ಸಿಕ್ಕಿದವರನ್ನ ನಂಬೋದು ಹೇಗೆ?" ಅಂದರು. ನ್ಯಾಯವಾದ ಪ್ರಶ್ನೆ.

ನಂಬುವುದು ಬೇಡ, ನಂಬಬೇಕಾದ ಅಗತ್ಯವೇ ಬಾರದ ಹಾಗೆ ಭೇಟಿ ಏರ್ಪಡಿಸಿಕೊಳ್ಳಬೇಕು. ಹಗಲು ಹೊತ್ತು, ನಾಲ್ಕು ಜನ ಓಡಾಡುವ ಕೆಫೆ, ಹೋಗಿಬರಲು ನಮ್ಮದೇ ಬಸ್ಸು. ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಕಳಿಸಬಹುದು, ಹದಿನೈದು ನಿಮಿಷ, ಒಂದು ಗಂಟೆ ಅಥವಾ ಎಂಟು ಗಂಟೆಗೆ. ರೂಮಿನವಳಿಗೆ ಒಂದು ಗಂಟೆಯದು ಕಳಿಸಿದರೆ ಸಾಕು, ಇಲ್ಲಿ ಕೂತ ಅಪ್ಪನಿಗೆ ಕಳಿಸಿದರೆ ಅವರು ಏನು ಮಾಡಿಯಾರು, ಬಿಪಿ ಏರಿಸಿಕೊಳ್ಳುವುದು ಬಿಟ್ಟು. ರೂಮು ನೋಡದೆ ಮುಂಗಡ ಕಳಿಸಬಾರದು, ಕಳಿಸಿ ಎಂದವರು ಎಷ್ಟೇ ಸ್ನೇಹದಿಂದ ಮಾತಾಡಿದ್ದರೂ.

ಇನ್ನೊಂದು ಬಲೆ ಇದಕ್ಕಿಂತ ನಿಧಾನದ್ದು. ಎಲ್ಲಿಂದಲೋ ಒಂದು ಮೆಸೇಜು, ಅಥವಾ ಆಪಿನಲ್ಲಿ ಸಿಕ್ಕ ಬಹಳ ಚೆಂದದ ಗೆಳತಿ. ಎರಡೇ ದಿನದಲ್ಲಿ ಆಪು ಬಿಟ್ಟು ಟೆಲಿಗ್ರಾಮಿಗೆ ಬಾ ಅನ್ನುತ್ತಾಳೆ. ವಾರಗಟ್ಟಲೆ ಅಕ್ಕರೆ, ಊಟದ ಫೋಟೋ, ಒಂಟಿತನದ ಮಾತು. ಎದುರಾಎದುರು ಮಾತ್ರ ಎಂದೂ ಸಿಗುವುದಿಲ್ಲ. ಆಮೇಲೊಂದು ದಿನ, ನನ್ನ ಚಿಕ್ಕಪ್ಪ ಕ್ರಿಪ್ಟೋದಲ್ಲಿ ಪಳಗಿದವರು ಅನ್ನುತ್ತಾಳೆ. ಮೊದಲು ಹಾಕಿದ ಸಣ್ಣ ಮೊತ್ತಕ್ಕೆ ಲಾಭವೂ ಬರುತ್ತದೆ, ಅದನ್ನು ತೆಗೆಯಲೂ ಬಿಡುತ್ತಾರೆ. ದೊಡ್ಡ ಮೊತ್ತ ಹಾಕಿದ ದಿನ ಬಾಗಿಲು ಮುಚ್ಚುತ್ತದೆ. ಚೀನಿಯರು ಇದಕ್ಕೆ ಶಾ ಝೂ ಪಾನ್ ಅಂತ ಹೆಸರಿಟ್ಟಿದ್ದಾರೆ, ಹಂದಿಯನ್ನು ಮೇಯಿಸಿ ಕೊಬ್ಬಿಸಿ ಕೊಯ್ಯುವ ಆಟ. "ಹಂದಿ ವಿಷಯ ನಮಗೆ ಹೇಳಿಕೊಡ್ತಾರಾ" ಅಂತ ಭಾವ ನಕ್ಕರು, ಆದರೆ ಎರಡು ಸಲ ಕೇಳಿ ತಿಳಿದುಕೊಂಡರು. ಬ್ರಿಟನ್ನಿನಲ್ಲಿ ಇಂಥ ಅನುಮಾನ ಬಂದರೆ 159ಕ್ಕೆ ಕರೆ ಮಾಡಿ ನಿಮ್ಮ ಬ್ಯಾಂಕಿಗೆ ಸಂಪರ್ಕ ಪಡೆಯಬಹುದು. ಇಲ್ಲಿ ದುಡ್ಡು ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ದುಡ್ಡು ಕೈಗೆ ಸಿಗದಷ್ಟು ದೂರ ಹೋಗಿರುತ್ತದೆ. ಸ್ನೇಹ ಮಾಡಿಕೊಂಡು ಕೈಗೆ ನಗದು ಕೊಡುವ ಕೆಲಸ ಕೊಡಿಸುತ್ತೇನೆ ಅನ್ನುವವರೂ ಇರುತ್ತಾರೆ. ಪದವಿ ಓದುವವರಿಗೆ ಅಲ್ಲಿ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಯಷ್ಟೇ ದುಡಿಯಲು ವೀಸಾ ಬಿಡುತ್ತದೆ, ಅದನ್ನು ಮುರಿದು ಸಿಕ್ಕಿಬಿದ್ದರೆ ಆ ಗೆಳೆಯ ಪಕ್ಕದಲ್ಲಿ ಇರುವುದಿಲ್ಲ.

ಕತ್ತಲಾಗುವ ಹೊತ್ತಿಗೆ ಹನ್ನೊಂದು ಆಪುಗಳಲ್ಲಿ ಏಳು ಹೋಗಿದ್ದವು. ಉಳಿದ ನಾಲ್ಕರಲ್ಲಿ ಒಂದು ಕನ್ನಡದವರ ಗುಂಪಿಗಾಗಿ ವಾಟ್ಸಾಪು.

ಮರುವಾರ ಶನಿವಾರಸಂತೆಗೆ ಹೋಗಿದ್ದೆವು. ನಮ್ಮ ಲೈನ್ ಮನೆಯಲ್ಲಿರುವ ಅಸ್ಸಾಮಿನ ಹುಡುಗರು ಮೊಬೈಲ್ ಅಂಗಡಿಯ ಸೂರಿನ ಕೆಳಗೆ, ತಮ್ಮ ಕಡೆಯ ಇನ್ನಷ್ಟು ಜನರ ಜೊತೆ ನಿಂತಿದ್ದರು. ಯಾವ ತೋಟದಲ್ಲಿ ಕೂಲಿ ಎಷ್ಟು, ಸಾಸಿವೆ ಎಣ್ಣೆ ಎಲ್ಲಿ ಸಿಗುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಾಗುವುದು ಅಲ್ಲೇ, ಮತ್ತೆ ಅವರ ಫೋನಿನ ಗುಂಪುಗಳಲ್ಲಿ. ಅವರ ಹೆಸರುಗಳನ್ನು ನಾನು ಕೇಳಿ ತಿಳಿದದ್ದು ಮ್ಯಾಂಚೆಸ್ಟರಿನಿಂದ ಬಂದ ಮೇಲೆ. ಅದಕ್ಕೂ ಮೊದಲು ನಮ್ಮಲ್ಲಿ ಕೆಲಸಕ್ಕಿದ್ದವರನ್ನೆಲ್ಲ "ಅಸ್ಸಾಮಿನವರು" ಅಂತ ಒಟ್ಟಿಗೇ ಕರೆಯುತ್ತಿದ್ದೆ.

ಅಕ್ಕನ ಮಗಳು ಜೆರಾಕ್ಸ್ ಅಂಗಡಿಗೆ ಹೋಗಿ ಪಾರ್ಕ್‌ರನ್ ಬಾರ್‌ಕೋಡನ್ನು ಪ್ರಿಂಟ್ ತೆಗೆಸಿದಳು. ಫೋನಿನಲ್ಲೇ ತೋರಿಸಿದರೂ ನಡೆಯುತ್ತದೆ ಅಂದೆ, ಕೇಳಲಿಲ್ಲ. ಅಂಗಡಿಯವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಏನಿದು, ಗ್ಯಾಸ್ ಬುಕಿಂಗಾ?" ಅಂದ.

"ಅಲ್ಲಣ್ಣ, ಸಂತೆಗೆ ಹೋಗೋಕೆ" ಅಂದಳು.

ಅವನು ಹೊರಗಿನ ಸಂತೆಯನ್ನೊಮ್ಮೆ, ಇವಳನ್ನೊಮ್ಮೆ ನೋಡಿ ಲ್ಯಾಮಿನೇಶನ್ ಮಾಡಿಕೊಟ್ಟು 30 ರೂಪಾಯಿ ತಗೊಂಡ.